ನೀರಿನ ದೊರೆ ಪೆನ್ನಿಕ್ವಿಕ್

ಕಂಬಂ: ಪೊಂಗಲ್ ದಿನ ಕಂಬಂ ಕಣಿವೆಯ ಊರುಗಳಿಗೆ ಬಂದರೆ ಒಂದು ವಿಶೇಷ ಕಾಣಸಿಗುತ್ತದೆ. ಮೀಸೆಯ ಬಿಳಿ ದೊರೆಯೊಬ್ಬರ ಪಟಕ್ಕೆ ಹಾರ ಹಾಕಿ, ಅದರ ಮುಂದೆ ಪೊಂಗಲ್ ಉಕ್ಕಿಸುತ್ತಾರೆ. ತೇನಿ ಬಸ್ ನಿಲ್ದಾಣಕ್ಕೂ ಅವರದೇ ಹೆಸರು. ಈ ಕಡೆಯ ಕನ್ನಡ ಮನೆಮಾತಿನ ಕಪ್ಪಿಲಿಯ ಒಕ್ಕಲಿಗರಲ್ಲೂ ಪೆನ್ನಿಕ್ವಿಕ್ ದೊರೆಯ ಹೆಸರು ಕೇಳದವರು ಸಿಗೋದು ಕಷ್ಟ.

ಜಾನ್ ಪೆನ್ನಿಕ್ವಿಕ್ ಹುಟ್ಟಿದ್ದು 1841ರ ಜನವರಿ 15ರಂದು, ಪುಣೆಯಲ್ಲಿ. ತಂದೆ ಸೇನಾಧಿಕಾರಿ. 1849ರ ಚಿಲಿಯನ್‌ವಾಲಾ ಯುದ್ಧದಲ್ಲಿ ತಂದೆ, ಅಣ್ಣ ಇಬ್ಬರೂ ಒಂದೇ ದಿನ ಮಡಿದರು. ಆಗ ಬಾಲಕನಿಗೆ ಎಂಟು ತುಂಬಲು ಎರಡು ದಿನ ಬಾಕಿ. ಇಂಗ್ಲೆಂಡಿನಲ್ಲಿ ಓದಿ, ಮದ್ರಾಸ್ ಸೇನೆಯ ಎಂಜಿನಿಯರಾಗಿ 1860ರಲ್ಲಿ ಭಾರತಕ್ಕೆ ಮರಳಿದರು.

ಬೆಟ್ಟದ ಆಚೆ ಸುರಿದ ಮಳೆಯೆಲ್ಲ ಪೆರಿಯಾರ್ ಹೊಳೆಯಾಗಿ ಅರಬ್ಬಿ ಸಮುದ್ರಕ್ಕೆ ಹೋಗುತ್ತಿತ್ತು. ಈಚೆ ಮಧುರೈ ಸೀಮೆಗೆ ಬರ. ಹೊಳೆಯನ್ನು ಪೂರ್ವಕ್ಕೆ ತಿರುಗಿಸುವ ಯೋಚನೆ ಹಳೆಯದೇ. 1808ರಲ್ಲಿ ನೋಡಿಹೋದ ಅಧಿಕಾರಿ ಅದು ಆಗದ ಮಾತು ಎಂದು ಬರೆದಿಟ್ಟಿದ್ದರು. 1876–78ರ ಭೀಕರ ಬರದ ನಂತರ ಸರಕಾರಕ್ಕೆ ಮತ್ತೆ ನೆನಪಾಯಿತು. 1882ರಲ್ಲಿ ಹೊಸ ಅಂದಾಜುಪಟ್ಟಿ ಮಾಡುವ ಹೊಣೆ ಪೆನ್ನಿಕ್ವಿಕ್ಕರ ಪಾಲಿಗೆ ಬಂತು. 1886ರಲ್ಲಿ ತಿರುವಾಂಕೂರಿನೊಡನೆ 999 ವರ್ಷದ ಗುತ್ತಿಗೆ ಕರಾರು, ಮರುವರ್ಷ ಕೆಲಸ ಶುರು.

ಕೆಲಸವೇನೂ ಸುಲಭವಿರಲಿಲ್ಲ. ದಟ್ಟ ಕಾಡು, ಆನೆ, ಮಲೇರಿಯಾ, ಕಾಲರಾ. ಕಟ್ಟಿದ್ದನ್ನು ಪ್ರವಾಹ ಕೊಚ್ಚಿಕೊಂಡು ಹೋಗೋದು, ಮತ್ತೆ ಕಟ್ಟೋದು. ನೂರಾರು ಕೂಲಿಗಳು ರೋಗಕ್ಕೆ ಬಲಿಯಾದರು; ಅವರ ಪಟಕ್ಕೆ ಹಾರ ಹಾಕುವವರು ಯಾರೂ ಇಲ್ಲ. ಸುಣ್ಣ, ಸುರ್ಕಿ, ಕಲ್ಲಿನಲ್ಲಿ ಎದ್ದ ಅಣೆಕಟ್ಟಿನಿಂದ ಬೆಟ್ಟ ಕೊರೆದ ಸುರಂಗದ ಮೂಲಕ ನೀರು ಈಚೆಗಿಳಿಯಿತು. 1895ರ ಅಕ್ಟೋಬರಿನಲ್ಲಿ ಗವರ್ನರ್ ವೆನ್‌ಲಾಕ್ ಉದ್ಘಾಟಿಸಿದರು.

ಸರಕಾರ ಹಣ ನಿಲ್ಲಿಸಿದಾಗ ದೊರೆ ಇಂಗ್ಲೆಂಡಿನ ಆಸ್ತಿ ಮಾರಿ ಕೆಲಸ ಮುಗಿಸಿದರು ಎಂಬ ಕಥೆ ಇಲ್ಲಿ ಮನೆಮನೆಯಲ್ಲೂ ಇದೆ. ಇದಕ್ಕೆ ದಾಖಲೆಯ ಆಧಾರವಿಲ್ಲ. ಖರ್ಚಾದದ್ದು ಮದ್ರಾಸ್ ಸರಕಾರದ ದುಡ್ಡು. ಹಾಗಂತ ಊರಲ್ಲಿ ಹೇಳಿದರೆ ಯಾರೂ ಒಪ್ಪೋದಿಲ್ಲ ಬಿಡಿ. ನಾಟಿಗೆ ಸಾಲ ಎತ್ತುವವರಿಗೆ, ಅಂಗಡಿಗೆ ಬಂಡವಾಳ ಹೊಂದಿಸಲು ಒಡವೆ ಅಡ ಇಡುವವರಿಗೆ, ಮನೆ ಮಾರಿ ಕಟ್ಟಿದ ದೊರೆಯೇ ಹತ್ತಿರದವರು.

ಅಂದು ಸರಕಾರ ನೋಡಿದ್ದು ಎಕರೆಯ ಲೆಕ್ಕ, ಕಂದಾಯದ ಲೆಕ್ಕ. ಆದರೆ ಗದ್ದೆಯ ಹಿಂದೆಯೇ ಅಕ್ಕಿ ಗಿರಣಿ, ಗೊಬ್ಬರದಂಗಡಿ, ಕುಲುಮೆ, ಬಾಡಿಗೆ ಗಾಡಿ, ಚಹಾದಂಗಡಿಯೂ ಬಂದವು. ಕಣಿವೆಯ ಎರಡು ಬೆಳೆಗೆ ಜೂನ್ 1ಕ್ಕೆ ನೀರು ಬಿಡೋದು ವಾಡಿಕೆ. ಮಳೆ ಕೈಕೊಟ್ಟು ನೀರು ತಡವಾದ ವರ್ಷ ಮೊದಲು ಪೆಟ್ಟು ತಿನ್ನುವುದು ಗದ್ದೆ, ಆಮೇಲೆ ಅಂಗಡಿಯ ಉದ್ರಿ ಪುಸ್ತಕ. ಸುಗ್ಗಿಗೆ ಕೊಡುತ್ತೇನೆ ಎಂದವನಿಗೆ ಸುಗ್ಗಿಯೇ ಇರೋದಿಲ್ಲ. ಸಣ್ಣ ವ್ಯಾಪಾರಿಗೆ ಮೇಲಿನ ಮಂಡಿಯವನು ಮಾತ್ರ ಬಾಕಿ ಬಿಡೋದಿಲ್ಲ. 1979ರಲ್ಲಿ ಸುರಕ್ಷತೆಯ ಕಾರಣಕ್ಕೆ ಜಲಮಟ್ಟವನ್ನು 136 ಅಡಿಗೆ ಇಳಿಸಲಾಯಿತು. 2014ರಲ್ಲಿ ಸುಪ್ರೀಂ ಕೋರ್ಟ್ 142 ಅಡಿಗೆ ಅನುಮತಿ ಕೊಟ್ಟಿತು. 2011ರ ಡಿಸೆಂಬರಿನಲ್ಲಿ ಅಣೆಕಟ್ಟಿನ ಜಗಳ ಬೀದಿಗಿಳಿದು ಕುಮುಳಿ ರಸ್ತೆ ಬಂದಾದಾಗ, ಗಡಿಯಾಚೆಯ ಏಲಕ್ಕಿ ತೋಟಗಳಿಗೆ ಕೂಲಿಗೆ ಹೋಗುವವರು, ತರಕಾರಿ ಸಾಗಿಸುವವರು ಇಲ್ಲೇ ಉಳಿಯಬೇಕಾಯಿತು.

ಪೆನ್ನಿಕ್ವಿಕ್ ನಿವೃತ್ತಿಯ ನಂತರ ಇಂಗ್ಲೆಂಡಿನ ಕೂಪರ್ಸ್ ಹಿಲ್ ಎಂಜಿನಿಯರಿಂಗ್ ಕಾಲೇಜಿನ ಮುಖ್ಯಸ್ಥರಾಗಿದ್ದರು. 1911ರ ಮಾರ್ಚ್ 9ರಂದು ಕ್ಯಾಂಬರ್ಲಿಯಲ್ಲಿ ತೀರಿಕೊಂಡರು. ತಮಿಳುನಾಡು ಸರಕಾರ 2013ರಲ್ಲಿ ಲೋವರ್ ಕ್ಯಾಂಪಿನಲ್ಲಿ ಅವರ ಸ್ಮಾರಕ ಮಂಟಪ ತೆರೆಯಿತು. 2022ರಲ್ಲಿ ಕ್ಯಾಂಬರ್ಲಿಯಲ್ಲೂ ಪ್ರತಿಮೆ ನಿಂತಿತು. ಕಂಬಂ ಕಡೆಯ ಅಂಗಡಿಗಳಲ್ಲಿ ಗಲ್ಲಾಪೆಟ್ಟಿಗೆಯ ಮೇಲೆ, ದೇವರ ಪಟಗಳ ಸಾಲಿನಲ್ಲೇ ಅವರದೂ ಒಂದು ಪಟ ಕಾಣಸಿಗುತ್ತದೆ.