ಚೀನದ ಸ್ನೇಹಿತ ಮತ್ತೆಯೊ ರಿಚ್ಚಿ ಸ್ವಾಮಿಗಳು

ಪ್ರತಿ ವರ್ಷ ನವೆಂಬರ್ 2ರಂದು ನಾವು ಗತಿಸಿದ ಹಿರಿಯರ ಸಮಾಧಿಗಳನ್ನು ಶುಚಿಗೊಳಿಸಿ, ಹೂವಿರಿಸಿ, ಮೇಣದ ಬತ್ತಿ ಹಚ್ಚುತ್ತೇವೆ. ಇದರಿಂದ ನಮ್ಮ ವಿಶ್ವಾಸಕ್ಕೆ ಕುಂದುಂಟಾಗುವುದೆಂದು ನಮಗಾರಿಗೂ ಅನ್ನಿಸುವುದಿಲ್ಲ. ಆದರೆ ಚೀನದ ಕಥೋಲಿಕರು ತಮ್ಮ ನಾಡಿನ ರೀತಿಯಲ್ಲಿ ಪೂರ್ವಜರಿಗೆ ವಂದಿಸುವುದು ಸುಮಾರು ಎರಡು ಶತಮಾನಗಳ ಕಾಲ ನಿಷಿದ್ಧವಾಗಿತ್ತು. ನಿಷೇಧಕ್ಕೆ ಬಹು ಮುಂಚೆಯೇ ಆ ವಂದನೆಯನ್ನು ವಿಗ್ರಹಾರಾಧನೆಯಲ್ಲವೆಂದು ತಿಳಿದಿದ್ದವರು ಯೇಸುಸಭೆಯ ಗುರು ಮತ್ತೆಯೊ ರಿಚ್ಚಿಯವರು.

ಇಟಲಿಯ ಮಚೆರಾತ ಪಟ್ಟಣದಲ್ಲಿ 1552ರ ಅಕ್ಟೋಬರ್ 6ರಂದು ಅವರು ಜನಿಸಿದರು. ಔಷಧ ವ್ಯಾಪಾರಿಯಾಗಿದ್ದ ತಂದೆ ಮಗನನ್ನು ನ್ಯಾಯಶಾಸ್ತ್ರ ಕಲಿಯಲೆಂದು ರೋಮಿಗೆ ಕಳುಹಿಸಿದರೆ, ಮಗ 1571ರಲ್ಲಿ ಯೇಸುಸಭೆಯನ್ನು ಸೇರಿದರು. 1578ರಲ್ಲಿ ಗೋವೆಗೆ ಬಂದಿಳಿದು, 1580ರಲ್ಲಿ ಕೊಚ್ಚಿಯಲ್ಲಿ ಗುರುದೀಕ್ಷೆ ಪಡೆದರು. ಭಾರತೀಯ ವಿದ್ಯಾರ್ಥಿಗಳಿಗೆ ತತ್ತ್ವಶಾಸ್ತ್ರ, ದೈವಶಾಸ್ತ್ರಗಳ ಉನ್ನತ ಪಾಠ ಬೇಡವೆಂದು ಗೋವೆಯ ಹಿರಿಯರು ತೀರ್ಮಾನಿಸಿದಾಗ, ಈ ತರುಣ ಗುರು 1581ರಲ್ಲಿ ಸಭೆಯ ಮಹಾಧಿಕಾರಿಗೆ ಪತ್ರ ಬರೆದು ಅದನ್ನು ವಿರೋಧಿಸಿದರೆಂಬುದನ್ನು ನಾವು ಕೃತಜ್ಞತೆಯಿಂದ ನೆನೆಯಬೇಕು.

1583ರಲ್ಲಿ ಅವರು ಸಹಗುರು ರುಜ್ಜಿಯೇರಿಯವರೊಂದಿಗೆ ಚೀನದಲ್ಲಿ ನೆಲೆಸಿದರು. ಧಾರ್ಮಿಕರೆಂದರೆ ಬೌದ್ಧ ಭಿಕ್ಷುಗಳೆಂದು ಭಾವಿಸಿ, ತಲೆ ಬೋಳಿಸಿಕೊಂಡು ಅವರದೇ ಉಡುಪು ತೊಟ್ಟರು. ಆದರೆ ಮನುಷ್ಯನು ಹೇಗೆ ಬಾಳಬೇಕೆಂಬ ಪ್ರಶ್ನೆಯನ್ನು ಆ ನಾಡಿನಲ್ಲಿ ಅಧಿಕಾರದಿಂದ ಚರ್ಚಿಸುತ್ತಿದ್ದವರು ಕನ್‌ಫ್ಯೂಷಿಯಸನ ಗ್ರಂಥಗಳನ್ನು ಬಾಲ್ಯದಿಂದ ಅಭ್ಯಸಿಸಿದ ವಿದ್ವಾಂಸರು. ರಿಚ್ಚಿಯವರು ಆ ಗ್ರಂಥಗಳನ್ನು ವರ್ಷಗಟ್ಟಲೆ ಓದಿ, ಲತೀನಿಗೆ ಅನುವಾದಿಸುತ್ತಾ ಹೋದಂತೆ, ಹೆತ್ತವರಲ್ಲಿ ಭಕ್ತಿ, ನಡತೆಯಲ್ಲಿ ವಿನಯ, ದಿನವೂ ಆತ್ಮಪರೀಕ್ಷೆ ಇವೆಲ್ಲ ತಮಗೆ ಅಪರಿಚಿತವಲ್ಲವೆಂದು ಅರಿತರು. 1595ರಲ್ಲಿ ಗಡ್ಡ ಬಿಟ್ಟು ವಿದ್ವಾಂಸರ ರೇಷ್ಮೆಯ ನಿಲುವಂಗಿ ಧರಿಸಿದರು.

ಅದೇ ವರ್ಷ ನಾನ್‌ಚಾಂಗ್ ನಗರದಲ್ಲಿ ಚೀನೀ ಭಾಷೆಯಲ್ಲಿ ಅವರು ಬರೆದ ಪುಸ್ತಕದ ವಿಷಯ ಧರ್ಮೋಪದೇಶವಲ್ಲ, ಸ್ನೇಹ! ಅರಸ-ಪ್ರಜೆ, ತಂದೆ-ಮಗ, ಗಂಡ-ಹೆಂಡತಿ, ಅಣ್ಣ-ತಮ್ಮ, ಗೆಳೆಯ-ಗೆಳೆಯ ಎಂಬ ಐದು ಸಂಬಂಧಗಳಲ್ಲಿ ಬಾಳನ್ನು ಕಾಣುತ್ತಿದ್ದ ಆ ಜನರಿಗೆ, ಕೊನೆಯದಾದ ಸ್ನೇಹದ ಬಗ್ಗೆ ಗ್ರೀಕರೂ ರೋಮನರೂ ಏನು ತಿಳಿದಿದ್ದರೆಂಬುದನ್ನು ಅದು ತಿಳಿಸಿತು. ಪುಸ್ತಕ ಬಹು ಜನಪ್ರಿಯವಾಯಿತು. 1605ರಲ್ಲಿ ಎಪಿಕ್ಟೀಟಸನೆಂಬ, ಹಿಂದೆ ಗುಲಾಮನಾಗಿದ್ದ ಗ್ರೀಕ್ ಜ್ಞಾನಿಯ ಬೋಧನೆಗಳನ್ನು ಇಪ್ಪತ್ತೈದು ನುಡಿಗಳಾಗಿ ಮರುರಚಿಸಿ ಪ್ರಕಟಿಸಿದರು. ನಮ್ಮ ವಶದಲ್ಲಿಲ್ಲದ್ದಕ್ಕೆ ಹಂಬಲಿಸದೆ ಮನಸ್ಸನ್ನು ಆಳಿಕೊಳ್ಳಬೇಕೆಂಬ ಆ ಬೋಧನೆಯನ್ನು ಕ್ರೈಸ್ತ ಗುರುವೊಬ್ಬರು ಕನ್‌ಫ್ಯೂಷಿಯಸನ ಶಿಷ್ಯರ ಕೈಗಿತ್ತರು. ಮೂರು ಪರಂಪರೆಗಳು ಒಂದೇ ಮೇಜಿನ ಸುತ್ತ ಕುಳಿತಂತಾಯಿತು.

ಎಲ್ಲರಿಗೂ ಅವರು ಹೀಗೆ ಕಿವಿಗೊಡಲಿಲ್ಲವೆಂಬುದನ್ನು ಮರೆಮಾಚಲಾಗದು. ಬೌದ್ಧರ ಶೂನ್ಯತತ್ತ್ವವನ್ನೂ ಪ್ರಾಣಿಗಳನ್ನು ಕೊಲ್ಲಬಾರದೆಂಬ ಅವರ ವ್ರತವನ್ನೂ ರಿಚ್ಚಿಯವರು 1603ರ ತಮ್ಮ ಪ್ರಮುಖ ಧರ್ಮಗ್ರಂಥದಲ್ಲಿ ಕಟುವಾಗಿ ಖಂಡಿಸಿದ್ದಾರೆ. ಕನ್‌ಫ್ಯೂಷಿಯಸನಿಗೆ ತೋರಿದ ತಾಳ್ಮೆಯನ್ನು ಬುದ್ಧನ ಅನುಯಾಯಿಗಳಿಗೂ ತೋರಬಹುದಾಗಿತ್ತೆಂದು ನಮ್ಮ ಅನಿಸಿಕೆ.

1601ರಲ್ಲಿ ಗಡಿಯಾರಗಳೇ ಮೊದಲಾದ ಕಾಣಿಕೆಗಳೊಡನೆ ಬೀಜಿಂಗ್ ಪ್ರವೇಶಿಸಿದ ಅವರು ಕಡೆಯವರೆಗೂ ಅಲ್ಲಿಯೇ ಇದ್ದರು. 1603ರಲ್ಲಿ ದೀಕ್ಷಾಸ್ನಾನ ಪಡೆದ ವಿದ್ವಾಂಸ ಷು ಗ್ವಾಂಗ್‌ಚಿಯವರೊಂದಿಗೆ ಯೂಕ್ಲಿಡನ ರೇಖಾಗಣಿತದ ಮೊದಲ ಆರು ಭಾಗಗಳನ್ನು ಚೀನೀ ಭಾಷೆಗೆ ತಂದರು. ಪೂರ್ವಜರ ಮುಂದೆ ಅನ್ನವಿಡುವ ಪದ್ಧತಿಯನ್ನು ಹೆತ್ತವರ ಮೇಲಿನ ಗೌರವವೆಂದೇ ಎಣಿಸಿದರು. ಕ್ರೈಸ್ತರಾದ ಬಳಿಕ ಅದು ಬಡವರಿಗೆ ನೀಡುವ ದಾನವಾಗಿ ಮಾರ್ಪಟ್ಟರೆ ಲೇಸೆಂದೂ ಬಯಸಿದರು. 1610ರ ಮೇ 11ರಂದು, 57ನೆಯ ವಯಸ್ಸಿನಲ್ಲಿ, ದೈವಾಧೀನರಾದರು.

ಅನಂತರ ಬಂದ ಇತರ ಸಭೆಗಳ ಗುರುಗಳಲ್ಲಿ ಅನೇಕರು ಆ ಪದ್ಧತಿಯಲ್ಲಿ ಮೂಢಭಕ್ತಿಯನ್ನೇ ಕಂಡು ರೋಮಿಗೆ ದೂರಿತ್ತರು. 1704ರಲ್ಲಿ ಆರಂಭವಾದ ನಿಷೇಧ 1742ರಲ್ಲಿ ಹದಿನಾಲ್ಕನೆಯ ಬೆನೆಡಿಕ್ಟ್ ಜಗದ್ಗುರುಗಳ ಆಜ್ಞೆಯಿಂದ ದೃಢವಾಯಿತು. ಮನೆಯ ಹಿರಿಯರ ಹೆಸರಿನ ಫಲಕಕ್ಕೆ ಬಾಗಿದರೆ ಸಂಸ್ಕಾರಗಳಿಲ್ಲ, ಬಾಗದಿದ್ದರೆ ಬಂಧುಗಳಿಲ್ಲ ಎಂಬ ಸಂಕಟದಲ್ಲಿ ಎಷ್ಟು ಕುಟುಂಬಗಳು ನವೆದವೋ! 1939ರಲ್ಲಿ ಹನ್ನೆರಡನೆಯ ಪಿಯೂಸ್ ಜಗದ್ಗುರುಗಳ ಕಾಲದಲ್ಲಿ ಅಂತಹ ವಂದನೆಗೆ ಅನುಮತಿ ದೊರೆಯಿತು. 2022ರ ಡಿಸೆಂಬರ್ 17ರಂದು ಪೋಪ್ ಫ್ರಾನ್ಸಿಸರು ರಿಚ್ಚಿಯವರನ್ನು ವಂದನೀಯರೆಂದು ಘೋಷಿಸಿದರು.

ಅವರ ಸಮಾಧಿಗೆ ಭೂಮಿಯನ್ನಿತ್ತವರು ಚೀನದ ಚಕ್ರವರ್ತಿ ವಾನ್‌ಲಿ. 1900ರ ದಂಗೆಯಲ್ಲಿ ಹಾಳಾಗಿ ಮತ್ತೆ ನಿಂತ ಸಮಾಧಿ ಬೀಜಿಂಗಿನಲ್ಲಿ ಇಂದಿಗೂ ಇದೆ. ಅದರ ಶಿಲೆಯ ಮೇಲೆ ಲತೀನ್ ಮತ್ತು ಚೀನೀ ಬರಹಗಳು ಅಕ್ಕಪಕ್ಕದಲ್ಲಿವೆ.