ಹೆಸರಿನಿಂದ ಆರಂಭವಾಗುವ ಪಾಠ: ಯೋನ್ ಲೇಫ್ಸ್ ಜೀವನಕಥನ

ಬೋಧನಾಭ್ಯಾಸದ ಅವಧಿಯಲ್ಲಿ ನಾನು ವೀಕ್ಷಿಸುವ ಜೀವನಚರಿತ್ರೆಯ ಪಾಠಗಳಲ್ಲಿ ಹೆಚ್ಚಿನವು ಜನನ, ವಿದ್ಯಾಭ್ಯಾಸ, ಸಾಧನೆ, ಪ್ರಶಸ್ತಿ, ಮರಣ ಎಂಬ ಕ್ರಮದಲ್ಲಿ ಸಾಗುತ್ತವೆ. ಕಪ್ಪುಹಲಗೆ ತುಂಬುತ್ತದೆ, ಆದರೆ ಆ ವ್ಯಕ್ತಿ ತರಗತಿಯೊಳಗೆ ಬರುವುದೇ ಇಲ್ಲ. ವ್ಯಕ್ತಿಯ ಹೆಸರಿನಿಂದಲೇ ಪಾಠ ಆರಂಭಿಸಿದರೆ ಮಕ್ಕಳು ತಾವಾಗಿಯೇ ಪ್ರಶ್ನೆ ಕೇಳತೊಡಗುತ್ತಾರೆ ಎಂಬುದು ನನ್ನ ಅನುಭವ. ಇದಕ್ಕೆ ನಾನು ಆರಿಸಿಕೊಳ್ಳುವುದು ಐಸ್‌ಲ್ಯಾಂಡಿನ ಸಂಗೀತ ರಚನಕಾರ ಯೋನ್ ಲೇಫ್ಸ್ ಅವರ ಬದುಕನ್ನು. ತರಗತಿಯಲ್ಲಿ ಹೇಳುವ ಕ್ರಮದಲ್ಲಿಯೇ ಅದನ್ನು ಇಲ್ಲಿ ಬರೆದಿದ್ದೇನೆ.

ಮಕ್ಕಳ ಪೂರ್ವಜ್ಞಾನಕ್ಕೆ ಹಾಜರಿ ಪುಸ್ತಕವೇ ಸಾಕು. ನಮ್ಮ ಇನಿಷಿಯಲ್‌ಗಳಲ್ಲಿ ಊರು ಇರುತ್ತದೆ, ತಂದೆಯ ಹೆಸರು ಇರುತ್ತದೆ. ಐಸ್‌ಲ್ಯಾಂಡಿನಲ್ಲಿಯೂ ಹೆಚ್ಚಿನವರಿಗೆ ಮನೆತನದ ಹೆಸರಿಲ್ಲ. ಸಾಮಾನ್ಯವಾಗಿ ತಂದೆಯ ಹೆಸರಿಗೆ ಮಗನಾದರೆ 'ಸನ್', ಮಗಳಾದರೆ 'ದೋತ್ತಿರ್' ಸೇರುತ್ತದೆ. ಮದುವೆಯಾದ ಮೇಲೂ ಹೆಣ್ಣಿನ ಹೆಸರು ಬದಲಾಗುವುದಿಲ್ಲ.

ಯೋನ್ ಹುಟ್ಟಿದ್ದು 1899ರ ಮೇ 1ರಂದು, ದೇಶದ ವಾಯವ್ಯ ಭಾಗದ ಸೋಲ್‌ಹೇಮಾರ್ ಎಂಬ ಹೊಲಮನೆಯಲ್ಲಿ. ತಂದೆ ಥೋರ್ಲೇಫುರ್ ಯೋನ್ಸನ್, ತಾಯಿ ರಾಗ್ನ್‌ಹೇದುರ್ ಬ್ಯಾರ್ನಾದೋತ್ತಿರ್, ಮಗ ಯೋನ್ ಥೋರ್ಲೇಫ್ಸನ್. ಈ ಮೂರು ಹೆಸರುಗಳನ್ನಷ್ಟೇ ಹಲಗೆಯ ಮೇಲೆ ಬರೆದು, ತಂದೆಯ ತಂದೆ ಯಾರು, ತಾಯಿಯ ತಂದೆ ಯಾರು ಎಂದು ಕೇಳುತ್ತೇನೆ. ಯೋನ್, ಬ್ಯಾರ್ನಿ ಎಂಬ ಉತ್ತರಗಳನ್ನು ಮಕ್ಕಳೇ ಕಂಡುಕೊಳ್ಳುತ್ತಾರೆ. ಮೊಮ್ಮಗನಿಗೆ ತಾತನ ಹೆಸರಿಟ್ಟಿದ್ದಾರೆ ಎಂಬುದನ್ನೂ ಅವರೇ ಹೇಳುತ್ತಾರೆ. ನಮ್ಮ ಮನೆಗಳಲ್ಲಿಯೂ ಇರುವ ಈ ರೂಢಿಯನ್ನು ವಿವರಿಸಬೇಕಾಗುವುದಿಲ್ಲ.

ಯೋನ್ 1916ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ಸಂಗೀತ ಕಲಿಯಲು ಜರ್ಮನಿಯ ಲೈಪ್‌ಜಿಗ್‌ಗೆ ಹೋದರು. ತಂದೆಯ ಹೆಸರಿನ ಕೊನೆಯ ತುಂಡನ್ನು ಉಳಿಸಿಕೊಂಡು ಯೋನ್ ಲೇಫ್ಸ್ ಎಂದಾದರು. ಹೊಸದಾಗಿ ಮನೆತನದ ಹೆಸರು ಇಟ್ಟುಕೊಳ್ಳುವುದನ್ನು ಐಸ್‌ಲ್ಯಾಂಡ್ 1925ರಲ್ಲಿ ಕಾನೂನಿನಿಂದ ನಿಷೇಧಿಸಿತು. ಅಷ್ಟರಲ್ಲಿ ಅವರ ಹೆಸರು ರೂಢಿಗೆ ಬಂದಿತ್ತು.

ಹೆಸರನ್ನು ಮೊಟಕುಗೊಳಿಸಿದ ಅವರು ಸಂಗೀತದಲ್ಲಿ ಮಾತ್ರ ಪೂರ್ವಜರನ್ನು ಹುಡುಕಿಕೊಂಡು ಹೊರಟರು. 1920ರ ದಶಕದಲ್ಲಿ ಧ್ವನಿಮುದ್ರಣ ಯಂತ್ರದೊಂದಿಗೆ ಐಸ್‌ಲ್ಯಾಂಡಿನ ಹಳ್ಳಿಗಾಡು ತಿರುಗಿ ಜನಪದ ಹಾಡುಗಳನ್ನು ಸಂಗ್ರಹಿಸಿದರು. ಕಥೆಯನ್ನು ಪದ್ಯದಲ್ಲಿ ರಾಗವಾಗಿ ಹೇಳುವ 'ರೀಮುರ್', ಇಬ್ಬರು ಐದು ಸ್ವರಗಳ ಅಂತರದಲ್ಲಿ ಜೊತೆಯಾಗಿ ಹಾಡುವ 'ತ್ವೀಸೋಂಗುರ್' ಇವೆರಡೂ ಅವರ ರಚನೆಗಳಿಗೆ ಅಡಿಪಾಯವಾದವು. 1926ರಲ್ಲಿ ಹ್ಯಾಂಬರ್ಗ್‌ನ ವಾದ್ಯವೃಂದವನ್ನು ತಾಯ್ನಾಡಿಗೆ ಕರೆತಂದು, ಪೂರ್ಣ ಸಿಂಫನಿ ವಾದ್ಯವೃಂದದ ಕಛೇರಿಯನ್ನು ಅಲ್ಲಿನ ಜನರಿಗೆ ಮೊದಲ ಬಾರಿ ಕೇಳಿಸಿದರು.

1921ರಲ್ಲಿ ಅವರು ಯಹೂದಿ ಮೂಲದ ಪಿಯಾನೋ ವಾದಕಿ ಆನಿ ರೀಟ್‌ಹೋಫ್ ಅವರನ್ನು ಮದುವೆಯಾಗಿದ್ದರು. ಸ್ನೋತ್, ಲೀಫ್ ಎಂಬ ಇಬ್ಬರು ಹೆಣ್ಣುಮಕ್ಕಳು ಹುಟ್ಟಿದರು. 1933ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದರು. ಐಸ್‌ಲ್ಯಾಂಡಿನಲ್ಲಿ ಗುರುತು ಹೇಳುತ್ತಿದ್ದ ವಂಶ, ಜರ್ಮನಿಯಲ್ಲಿ ಜೀವ ತೆಗೆಯುವ ಲೆಕ್ಕವಾಯಿತು. ಉತ್ತರ ದೇಶದ ಮೂಲವೆಂಬ ಕಾರಣಕ್ಕೆ ತಂದೆ ಆ ಆಡಳಿತಕ್ಕೆ ಬೇಕಾದವರಾಗಬಹುದಿತ್ತು. ಅದೇ ಲೆಕ್ಕದಲ್ಲಿ ಹೆಂಡತಿ, ಮಕ್ಕಳು ಬೇಡವಾದವರು. ಅವರ ಒರಟು ನಾದವೂ ಅಲ್ಲಿ ಹಿಡಿಸಲಿಲ್ಲ. 1941ರಲ್ಲಿ ಬರ್ಲಿನ್‌ನಲ್ಲಿ ಅವರ ಆರ್ಗನ್ ಕೃತಿ ನುಡಿಸಿದಾಗ ಶ್ರೋತೃಗಳಲ್ಲಿ ಹೆಚ್ಚಿನವರು ಎದ್ದು ಹೋದರು. 1944ರಲ್ಲಿ ಕುಟುಂಬಕ್ಕೆ ಸ್ವೀಡನ್ನಿಗೆ ಹೋಗಲು ಅನುಮತಿ ಸಿಕ್ಕಿತು; ನಾಲ್ವರೂ ಉಳಿದುಕೊಂಡರು. ಆದರೆ ದಾಂಪತ್ಯ ಮುರಿಯಿತು. 1945ರಲ್ಲಿ ಯೋನ್ ಒಬ್ಬರೇ ಐಸ್‌ಲ್ಯಾಂಡಿಗೆ ಮರಳಿದರು. ಯುದ್ಧಕಾಲವನ್ನು ಜರ್ಮನಿಯಲ್ಲಿ ಕಳೆದವರೆಂಬ ಸಂಶಯ ಅಲ್ಲಿ ಅವರನ್ನು ಎದುರುಗೊಂಡಿತು.

ಲೀಫ್ ಎಂದರೆ ಅವರ ಭಾಷೆಯಲ್ಲಿ ಜೀವ. 1947ರ ಬೇಸಿಗೆಯಲ್ಲಿ ಆ ಹುಡುಗಿ ಸ್ವೀಡನ್ನಿನ ಕಡಲಿನಲ್ಲಿ ಈಜುವಾಗ ಮುಳುಗಿ ತೀರಿಕೊಂಡಳು. ವಯಸ್ಸು ಹದಿನೇಳು. ತಂದೆ ಮಗಳ ನೆನಪಿಗೆ ನಾಲ್ಕು ಕೃತಿಗಳನ್ನು ರಚಿಸಿದರು. ಅವುಗಳಲ್ಲಿ ವಾದ್ಯಗಳಿಲ್ಲದ 'ರೆಕ್ವಿಯೆಮ್' ಎಂಬ ಪುಟ್ಟ ವೃಂದಗೀತೆಯೇ ಇಂದು ಹೆಚ್ಚು ಪ್ರಸಿದ್ಧ. ಇನ್ನೊಂದು, ನಾಲ್ಕು ತಂತಿವಾದ್ಯಗಳ ಕೃತಿ. ಅದರ ಹೆಸರಿಗೆ 'ಜೀವ ಮತ್ತು ಮರಣ' ಎಂದರ್ಥ. ಮಗಳ ಹೆಸರೂ ಅದರಲ್ಲಿ ಸೇರಿದೆ.

ಮುಂದೆ ಅವರು ಸಂಗೀತ ರಚನಕಾರರ ಹಕ್ಕು, ಸಂಭಾವನೆಗಾಗಿ ಹೋರಾಡಿ 1948ರಲ್ಲಿ 'ಸ್ಟೆಫ್' ಸಂಸ್ಥೆಯನ್ನು ಕಟ್ಟಿದರು. 1961ರಲ್ಲಿ ಹೆಕ್ಲಾ ಜ್ವಾಲಾಮುಖಿಯ ಸ್ಫೋಟವನ್ನು ಕಲ್ಲು, ಸರಪಳಿ, ಅಡಿಗಲ್ಲುಗಳ ಸದ್ದಿನಿಂದ ವಾದ್ಯವೃಂದದಲ್ಲಿ ಮೂಡಿಸಿದರು. 1968ರ ಜುಲೈ 30ರಂದು ರೇಕ್ಯಾವಿಕ್‌ನಲ್ಲಿ ನಿಧನರಾದಾಗ ಅವರ ಎಷ್ಟೋ ಕೃತಿಗಳು ಇನ್ನೂ ವೇದಿಕೆ ಕಂಡಿರಲಿಲ್ಲ.

ಕಥನ ಮುಗಿದ ಮೇಲೆ ನಾನು ಕೇಳುವುದು ಎರಡೇ ಪ್ರಶ್ನೆ. ಹೆಸರು ನಮಗೆ ಏನೇನನ್ನು ಹೇಳಿತು? ಯಾವುದನ್ನು ಹೇಳಲಿಲ್ಲ? ಮೊದಲನೆಯದಕ್ಕೆ ಹಲಗೆಯ ಮೇಲೆ ಉತ್ತರವಿದೆ. ಎರಡನೆಯದಕ್ಕೆ ಮಕ್ಕಳು ಯೋಚಿಸಬೇಕು.

ಪ್ರಶಿಕ್ಷಣಾರ್ಥಿಗಳಲ್ಲಿ ಒಂದು ಮಾತು. ಈ ಪಾಠವನ್ನು ಮುಂದುವರಿಸಿ, ಪ್ರತಿ ಮಗುವನ್ನೂ ನಿಲ್ಲಿಸಿ ಅಪ್ಪನ ಹೆಸರು, ಮನೆತನದ ಹೆಸರು ಕೇಳುವ ಚಟುವಟಿಕೆಯನ್ನು ಪಾಠಯೋಜನೆಗೆ ಸೇರಿಸಬೇಡಿ. ನಮ್ಮಲ್ಲಿ ಹೆಸರಿನ ಬೆನ್ನಿಗೆ ಜಾತಿ ಬರುತ್ತದೆ. ಕೆಲವು ಮಕ್ಕಳ ಮನೆಯಲ್ಲಿ ತಂದೆ ಇರುವುದಿಲ್ಲ. ವಂಶವನ್ನು ಲೆಕ್ಕ ಹಾಕಿದ ನಾಡೊಂದು ಏನು ಮಾಡಿತು ಎಂಬ ಪಾಠ ಕಲಿಸುತ್ತಲೇ ಅದೇ ಲೆಕ್ಕವನ್ನು ತರಗತಿಯಲ್ಲಿ ತೆಗೆಯುವುದು ಸರಿಯಲ್ಲ. ತನ್ನ ಹೆಸರಿನ ಕಥೆ ಹೇಳಬೇಕೆನಿಸಿದ ಮಗು ತಾನಾಗಿ ಕೈಯೆತ್ತುತ್ತದೆ. ಅದಕ್ಕೆ ಸಮಯ ಕೊಟ್ಟರೆ ಸಾಕು.