ಪದವಿಯಿಲ್ಲದ ಪಂಡಿತ ಮ್ಯಾಕ್ಸ್ ಟೈಲರ್

ನನ್ನದು ಸೊರಬ ತಾಲ್ಲೂಕಿನ ಕಾಡಂಚಿನ ಹಳ್ಳಿ. ಅಲ್ಲಿ ಒಂದು ಮಂಗ ಸತ್ತುಬಿದ್ದಿತೆಂದರೆ ಸೊಪ್ಪು ಸೌದೆಗೆ ಹೋಗುವವರು ಆ ದಾರಿಯನ್ನೇ ಬಿಡುವರು. ಹಾಗೆ ಬಿಡದೆ ಹೋದ ನನ್ನಜ್ಜ ಹಲವು ದಿನ ಜ್ವರದಲ್ಲಿ ಮಲಗಿ, ದೈವಕೃಪೆಯಿಂದ ಎದ್ದರು. ೧೯೫೭ರಲ್ಲಿ ನಮ್ಮ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳೂ ಮನುಷ್ಯರೂ ಸಾಯತೊಡಗಿದಾಗ, ಆಫ್ರಿಕ ಮತ್ತು ದಕ್ಷಿಣ ಅಮೆರಿಕಗಳ ಪೀತಜ್ವರವು ಇಲ್ಲಿಗೂ ಬಂದಿತೇ ಎಂದು ತಜ್ಞರು ಮೊದಲು ಶಂಕಿಸಿದರಂತೆ. ಅದು ಪೀತಜ್ವರವಾಗಿರಲಿಲ್ಲ, ಅದೇ ಕುಲದ ಬೇರೊಂದು ವೈರಸ್, ಸೊಳ್ಳೆಯ ಬದಲು ಉಣುಗಿನಿಂದ ಹರಡುವಂಥದು. ಅಜ್ಜನ ಕಾಯಿಲೆಯ ವಿಷಯ ಓದಹೊರಟ ನನಗೆ ಪೀತಜ್ವರ ಎದುರಾಯಿತು. ಅದರ ಬೆನ್ನು ಹಿಡಿದಾಗ ಮ್ಯಾಕ್ಸ್ ಟೈಲರ್ ಎಂಬ ಮಹನೀಯನು ದೊರೆತನು. ಇತಿಹಾಸದ ವಿದ್ಯಾರ್ಥಿಯೊಬ್ಬನು ವಿಜ್ಞಾನಿಯ ಜೀವನಚರಿತ್ರೆ ಬರೆಯುವ ಸಾಹಸವನ್ನು ವಾಚಕರು ಮನ್ನಿಸಬೇಕು.

ಟೈಲರನು ೧೮೯೯ನೆಯ ಜನವರಿ ೩೦ರಂದು ದಕ್ಷಿಣ ಆಫ್ರಿಕದ ಪ್ರಿಟೋರಿಯದಲ್ಲಿ ಜನಿಸಿದನು. ತಂದೆ ಆರ್ನಲ್ಡ್ ಟೈಲರನು ಸ್ವಿಟ್ಜರ್ಲೆಂಡಿನಿಂದ ಬಂದು ನೆಲೆಸಿದ ಪ್ರಖ್ಯಾತ ಪಶುವೈದ್ಯ. ಮಗನು ಕೇಪ್‌ಟೌನಿನಲ್ಲಿ ಓದಿ, ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ವೈದ್ಯಕೀಯ ಕಲಿತನು. ೧೯೨೨ರಲ್ಲಿ ವೈದ್ಯವೃತ್ತಿಗೆ ಬೇಕಾದ ಪರವಾನಗಿ ದೊರೆಯಿತೇ ಹೊರತು ಡಾಕ್ಟರ್ ಪದವಿ ದೊರೆಯಲಿಲ್ಲ. ಆಮೇಲೂ ಅವನು ಅದನ್ನು ಸಂಪಾದಿಸಲಿಲ್ಲ. ನಮ್ಮ ಮನೆತನದಲ್ಲಿ ಪದವಿಯ ಹೊಸ್ತಿಲಿಗೆ ಬಂದವರಲ್ಲಿ ನಾನೇ ಮೊದಲಿಗ. ಪದವಿಯೆಂಬ ಆ ಒಂದು ಕಾಗದಕ್ಕಾಗಿ ಅಪ್ಪ ಎಷ್ಟು ಸಾಲ ಮಾಡಿದ್ದಾರೆಂಬುದನ್ನು ಬಲ್ಲೆ. ಆದ್ದರಿಂದ ಈ ಸಂಗತಿಯನ್ನು ಓದಿದಾಗ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ಅದೇ ವರ್ಷ ಅವನು ಅಮೆರಿಕಕ್ಕೆ ಹೋಗಿ ಹಾರ್ವರ್ಡ್ ವಿಶ್ವವಿದ್ಯಾಲಯವನ್ನು ಸೇರಿದನು. ಪೀತಜ್ವರವನ್ನು ಸೊಳ್ಳೆ ಹರಡುವುದೆಂಬುದು ೧೯೦೦ರಲ್ಲಿಯೇ ಸಿದ್ಧವಾಗಿತ್ತು. ನಮ್ಮ ಊರುಗಳಲ್ಲಿ ಡೆಂಗ್ಯೂ ಹರಡುವ ಈಡಿಸ್ ಈಜಿಪ್ಟಿ ಎಂಬ ಸೊಳ್ಳೆಯೇ ಅದು. ರೋಗದ ಮೂಲವು ವೈರಸ್ಸೆಂಬುದು ಮಾತ್ರ ೧೯೨೭ರಲ್ಲಿ ಪಶ್ಚಿಮ ಆಫ್ರಿಕದಲ್ಲಿ ಸ್ಥಿರಪಟ್ಟಿತು. ಅಲ್ಲಿ ಆಸಿಬಿ ಎಂಬ ರೋಗಿಯ ರಕ್ತವನ್ನು ನಮ್ಮ ಭಾರತದ ಕಾಡುಗಳ ರೀಸಸ್ ಜಾತಿಯ ಕೋತಿಗೆ ಚುಚ್ಚಿದರು. ಆಸಿಬಿ ಬದುಕಿದನು, ಕೋತಿ ಸತ್ತಿತು. ಈ ಶೋಧಕ್ಕೆ ತೆತ್ತ ಬೆಲೆ ಅಲ್ಪವಲ್ಲ: ಅದೇ ವರ್ಷ ಏಡ್ರಿಯನ್ ಸ್ಟೋಕ್ಸನೂ, ಮರುವರ್ಷ ಜಪಾನಿನ ನೊಗುಚಿಯೂ ಅದೇ ಜ್ವರಕ್ಕೆ ಬಲಿಯಾದರು.

ಕೋತಿಗಳು ದುಬಾರಿ. ಟೈಲರನು ಬಿಳಿ ಇಲಿಯ ಮಿದುಳಿಗೆ ವೈರಸ್ಸನ್ನು ಚುಚ್ಚಿ ನೋಡಿದನು. ಇಲಿಗೆ ರೋಗ ಹತ್ತಿತು. ವಿಚಿತ್ರವೆಂದರೆ, ಇಲಿಯಿಂದ ಇಲಿಗೆ ದಾಟುತ್ತ ಹೋದ ವೈರಸ್ಸು ಕೋತಿಯ ಯಕೃತ್ತನ್ನು ಕೆಡಿಸುವ ಶಕ್ತಿಯನ್ನು ಕಳೆದುಕೊಂಡಿತು. ಆದರೆ ಮಿದುಳನ್ನು ಹಿಡಿಯುವ ಚಾಳಿ ಬಲಿಯಿತು. ೧೯೨೯ರಲ್ಲಿ ಪ್ರಯೋಗಾಲಯದಲ್ಲೇ ಅವನಿಗೂ ಪೀತಜ್ವರ ತಗಲಿ, ಗುಣವಾಯಿತು. ೧೯೩೦ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಪ್ರತಿಷ್ಠಾನಕ್ಕೆ ಹೋದನು.

ಇಲ್ಲಿ ವೈರಸ್ಸಿನ ಸ್ವಭಾವವನ್ನು ತುಸು ಹೇಳಬೇಕು. ಅಪ್ಪ ಎರಡು ತೋಟಗಳಲ್ಲಿ ಆಳಾಗಿ ದುಡಿದವರು. ಒಬ್ಬ ಯಜಮಾನನಿಗೆ ಒಪ್ಪಿದ ರೀತಿ ಇನ್ನೊಬ್ಬನಿಗೆ ಒಪ್ಪದಿದ್ದರೆ ಆ ದಿನದ ಕೂಲಿ ಹೋಯಿತು. ಸೊಳ್ಳೆಯಿಂದ ಹರಡುವ ವೈರಸ್ಸಿನ ಪಾಡೂ ಅದೇ. ಪೀತಜ್ವರದ ವೈರಸ್ಸಿನ ಆನುವಂಶಿಕ ಲಿಪಿ ಆರ್‌ಎನ್‌ಎ. ಅದನ್ನು ನಕಲು ಮಾಡುವಾಗ ತಪ್ಪುಗಳಾಗುತ್ತವೆ, ತಿದ್ದುವವರಿಲ್ಲ. ಆದರೆ ಸೊಳ್ಳೆಯ ಹೊಟ್ಟೆಗೆ ಒಗ್ಗದ ತಪ್ಪು ಸೊಳ್ಳೆಯಲ್ಲಿ ಅಳಿಯುತ್ತದೆ, ಕೋತಿಯ ಮೈಗೆ ಒಗ್ಗದ್ದು ಕೋತಿಯಲ್ಲಿ ಅಳಿಯುತ್ತದೆ. ಎರಡು ಮನೆಗೂ ಸಲ್ಲುವ ಬದಲಾವಣೆ ಮಾತ್ರ ಉಳಿಯುವುದು. ಟೈಲರನು ಮಾಡಿದ್ದೇನೆಂದರೆ, ಆಸಿಬಿಯ ರಕ್ತದಿಂದ ಬಂದ ವೈರಸ್ಸನ್ನು ಈ ಎರಡು ಮನೆಗಳಿಂದಲೂ ಬಿಡಿಸಿದ್ದು. ಮೊದಲು ಇಲಿಯ ಭ್ರೂಣದ, ಆಮೇಲೆ ಕೋಳಿಮರಿಯ ಭ್ರೂಣದ, ಕೊನೆಗೆ ಮಿದುಳು ಮತ್ತು ಬೆನ್ನುಹುರಿಯನ್ನು ತೆಗೆದುಹಾಕಿದ ಕೋಳಿಭ್ರೂಣದ ಅಂಗಾಂಶದಲ್ಲಿ ಅದನ್ನು ಸಾಕಿದನು. ಒಂದು ಪಾತ್ರೆಯಿಂದ ಮತ್ತೊಂದಕ್ಕೆ, ಮತ್ತೆ ಮತ್ತೊಂದಕ್ಕೆ, ವರ್ಷಗಟ್ಟಲೆ. ಇಂಥ ಬೇಸರದ ಕೆಲಸ ಜಗತ್ತಿನಲ್ಲಿ ಇನ್ನೊಂದಿರಲಾರದು!

೮೯ನೆಯ ದಾಟಿಗೂ ೧೧೪ನೆಯ ದಾಟಿಗೂ ನಡುವೆ ಎಲ್ಲಿಯೋ ವೈರಸ್ಸು ಬದಲಾಯಿತು. ಕೋತಿಯ ಯಕೃತ್ತಿನ ಗೊಡವೆ ಬಿಟ್ಟಿತು, ಮಿದುಳನ್ನು ಕೆಡಿಸುವ ಚಾಳಿಯೂ ಬಹುಮಟ್ಟಿಗೆ ಇಳಿಯಿತು. ಆದರೆ ರಕ್ಷಣೆ ನೀಡುವ ಗುಣ ಉಳಿದಿತ್ತು. ಸೊಳ್ಳೆಯೂ ಇದನ್ನು ಹರಡಲಾರದೆಂದು ಬೇಗನೆ ತಿಳಿಯಿತು. ಅದೇ ರೀತಿಯನ್ನು ಅನುಸರಿಸಿ ಇನ್ನೊಮ್ಮೆ ಅದನ್ನು ಪಡೆಯಲು ಯತ್ನಿಸಿದಾಗ ಸಫಲವಾಗಲಿಲ್ಲ. ಬುದ್ಧಿಯ ಜೊತೆಗೆ ಅದೃಷ್ಟದ ಪಾಲೂ ಇತ್ತೆಂದು ಹೇಳುವುದರಿಂದ ಟೈಲರನ ಕೀರ್ತಿ ಕುಂದುವುದಿಲ್ಲವೆಂದು ನನ್ನ ಮತ. ೧೭ಡಿ ಎಂಬ ಹೆಸರಿನ ಈ ಲಸಿಕೆಯನ್ನು ಅವನೂ ಹ್ಯೂ ಸ್ಮಿತ್ತನೂ ೧೯೩೭ರಲ್ಲಿ ಪ್ರಕಟಿಸಿದರು. ೧೯೩೮ರೊಳಗೆ ಬ್ರೆಜಿಲ್ಲಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನರಿಗೆ ಅದನ್ನು ಹಾಕಲಾಯಿತು.

ಒಂದು ಕಹಿ ಸಂಗತಿಯನ್ನೂ ಮುಚ್ಚಿಡಲಾಗದು. ಲಸಿಕೆಯಲ್ಲಿ ಬೆರೆಸುತ್ತಿದ್ದ ಮಾನವ ರಕ್ತದ್ರವದಲ್ಲಿ ಬೇರೊಂದು ವೈರಸ್ ಅಡಗಿದ್ದುದರಿಂದ ೧೯೪೨ರಲ್ಲಿ ಅಮೆರಿಕದ ಸೈನಿಕರು ಸಹಸ್ರಾರು ಮಂದಿ ಕಾಮಾಲೆಗೆ ಗುರಿಯಾದರು. ಅನಂತರ ಆ ದ್ರವವನ್ನು ಬೆರೆಸುವುದನ್ನು ಬಿಟ್ಟರು.

೧೯೫೧ರಲ್ಲಿ ಟೈಲರನಿಗೆ ನೊಬೆಲ್ ಪಾರಿತೋಷಕ ಬಂದಿತು. ಆಫ್ರಿಕದಲ್ಲಿ ಹುಟ್ಟಿದವರಿಗೆ ದೊರೆತುದರಲ್ಲಿ ಅದೇ ಮೊದಲನೆಯದು. ೧೯೬೪ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾದನು. ಡಾಕ್ಟರ್ ಪದವಿಯಿಲ್ಲದವನು ಡಾಕ್ಟರಾಗುವವರಿಗೆ ಪಾಠ ಹೇಳುವ ಪೀಠವೇರಿದನು! ೧೯೭೨ರ ಆಗಸ್ಟ್ ೧೧ರಂದು ತೀರಿಕೊಂಡನು.

ಆ ಕೋಳಿಭ್ರೂಣದ ಪಾತ್ರೆಗಳಲ್ಲಿ ಏನು ಬದಲಾಯಿತೆಂಬುದನ್ನು ಅವನು ಬದುಕಿರುವತನಕ ಯಾರೂ ಓದಿರಲಿಲ್ಲ. ೧೭ಡಿಯ ಲಿಪಿಯನ್ನು ೧೯೮೫ರಲ್ಲಿ ಪೂರ್ತಿಯಾಗಿ ಓದಿದರು. ೧೯೮೭ರಲ್ಲಿ ಅದನ್ನು ಆಸಿಬಿಯ ವೈರಸ್ಸಿನೊಡನೆ ಪಕ್ಕಪಕ್ಕದಲ್ಲಿಟ್ಟು ಹೋಲಿಸಿದರು. ಸುಮಾರು ೧೧,೦೦೦ ಅಕ್ಷರಗಳಲ್ಲಿ ಬದಲಾದವು ೬೮. ಅದರಿಂದ ಪ್ರೋಟೀನುಗಳಲ್ಲಿ ಬದಲಾದ ಅಮೈನೋ ಆಮ್ಲಗಳು ೩೨. ಅಷ್ಟೇ. ಈ ಲೆಕ್ಕವನ್ನು ಅಜ್ಜನಿಗೆ ಹೇಳಿದೆ. ಅವರು ಕೋಳಿಯ ಸಂಗತಿಯನ್ನು ಎರಡನೆಯ ಸಲ ಹೇಳಿಸಿಕೊಂಡು, ಕಂಬಳಿ ಹೊದ್ದು ಮಲಗಿದರು.